ಅಹಲ್ಯಾ ಅವರ ಬಿಲ್ಲೆ, ನೂರು ಮನೆಯ ತುಪ್ಪ

ಅಹಲ್ಯಾ ಎಂದರೆ ಫ್ರಿಜ್ ರಿಪೇರಿ ಮಾಡುವ ಹೆಂಗಸು ಎಂದು ಅನಂತಮೂರ್ತಿಯವರು ಹನ್ನೊಂದು ತಿಂಗಳು ಗಟ್ಟಿಯಾಗಿ ನಂಬಿದ್ದರು. ನಂಬುವುದಕ್ಕೆ ಅವರ ಬಳಿ ಸಾಕ್ಷ್ಯವಿತ್ತು. ಸಾಕ್ಷ್ಯವಿಲ್ಲದೆ ಏನನ್ನೂ ನಂಬುವ ಜಾಯಮಾನ ಅವರದಲ್ಲ. ಮೂವತ್ತಾರು ವರ್ಷ ಕೇಂದ್ರ ಸರ್ಕಾರದ ಕಡತಗಳ ನಡುವೆ ಬಾಳಿ, ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಘಾಜಿಯಾಬಾದ್‌ನಲ್ಲಿ ಅವರಿರುವ ಕಟ್ಟಡದ ನಾಲ್ಕನೇ ಮಹಡಿಗೆ ಹೊಸದಾಗಿ ಬಂದ ಈ ಕನ್ನಡದ ಹೆಂಗಸು ಭಾನುವಾರ ಬಂತೆಂದರೆ ತಾಮ್ರದ ಕೊಳವೆಯ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಲಿಫ್ಟ್ ಹತ್ತುತ್ತಿದ್ದರು. ಒಮ್ಮೆ ಹಳೇ ಕಂಬಳಿಯಲ್ಲಿ ಸುತ್ತಿದ ಪಂಪೊಂದನ್ನು ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದಿದ್ದರು. ಬೆರಳ ಸಂದಿಯಲ್ಲಿ ಸದಾ ಕಪ್ಪು ಎಣ್ಣೆ. ಬಾಲ್ಕನಿಯಿಂದ ಸದಾ ಅರ ಉಜ್ಜುವ ಸದ್ದು. ಇನ್ನೇನು ಬೇಕು?

ಆ ಬೇಸಿಗೆಯಲ್ಲಿ ಅನಂತಮೂರ್ತಿಯವರ ಫ್ರಿಜ್ಜಿನಲ್ಲಿಟ್ಟ ಮೊಸರು ಮಧ್ಯಾಹ್ನದ ಹೊತ್ತಿಗೆ ಹುಳಿಯಾಗಿ ಉಬ್ಬತೊಡಗಿತು. ಅವರು ನಾಲ್ಕನೇ ಮಹಡಿಗೆ ಹೋಗಿ ಬಾಗಿಲು ತಟ್ಟಿದರು.

"ನೋಡಮ್ಮಾ, ನಮ್ಮ ಫ್ರಿಜ್ಜು ತಣ್ಣಗಾಗ್ತಾ ಇಲ್ಲ. ಸ್ವಲ್ಪ ಬಂದು ನೋಡ್ತೀಯಾ?"

"ನೋಡ್ತೀನಿ ಸಾರ್."

ಬಂದರು. ಫ್ರಿಜ್ಜಿನ ಬಾಗಿಲ ಸುತ್ತ ಅಂಗೈ ಆಡಿಸಿದರು. "ರಬ್ಬರ್ ಹೋಗಿದೆ" ಎಂದರು. ಮರುದಿನ ಹೊಸ ರಬ್ಬರ್ ಕೂರಿಸಿ, ಕೊಡಲು ಬಂದ ಕೂಲಿಯನ್ನು ಬೇಡವೆಂದು ಹೊರಟುಹೋದರು. ಅನಂತಮೂರ್ತಿಯವರು ಅವರ ನಂಬರನ್ನು 'ಅಹಲ್ಯಾ ಫ್ರಿಜ್' ಎಂದು ಫೋನಿನಲ್ಲಿ ಸೇರಿಸಿಕೊಂಡರು. ಅಷ್ಟಕ್ಕೇ ಬಿಡದೆ, ತಾವು ಅಧ್ಯಕ್ಷರಾಗಿರುವ ಬಡಾವಣೆಯ ಕನ್ನಡ ಕೂಟದ ಗ್ರೂಪಿಗೂ ಹಾಕಿದರು: 'ಪ್ರಾಮಾಣಿಕ ಮಹಿಳೆ, ನಮ್ಮವರು.' ಆ ವರ್ಷ ಅಹಲ್ಯಾ ಆರು ಫ್ರಿಜ್ಜು, ಒಂದು ವಾಷಿಂಗ್ ಮಷೀನು ಸರಿಮಾಡಿದರು. ಯಾರಿಗೂ ಆಗುವುದಿಲ್ಲ ಎನ್ನಲಿಲ್ಲ. ತಾನು ಯಾರು ಎಂದೂ ಹೇಳಲಿಲ್ಲ. ಯಾರೂ ಕೇಳಿರಲಿಲ್ಲವಲ್ಲ.

ಅನಂತಮೂರ್ತಿಯವರ ಹೆಂಡತಿ ಗಿರಿಜಮ್ಮ ಮಾತ್ರ ಒಂದು ಸಲ ಹೇಳಿ ನೋಡಿದ್ದರು. "ರೀ, ಅವರು ಯಾವುದೋ ದೊಡ್ಡ ಲ್ಯಾಬಲ್ಲಿ ಇದಾರಂತೆ ಕಣ್ರೀ."

"ಲ್ಯಾಬಲ್ಲಿರೋಳು ರಬ್ಬರ್ ಯಾಕೆ ಹಾಕ್ತಾಳೆ?"

ಗಿರಿಜಮ್ಮ ಅಡುಗೆಮನೆಗೆ ಹೋದರು. ಒಲೆಯ ಮೇಲೆ ಹಾಲಿತ್ತು.

ನಿಜ ಬಯಲಾದದ್ದು ಅಂಚೆಯವನಿಂದ. ನಾಲ್ಕನೇ ಮಹಡಿಯಲ್ಲಿ ಯಾರೂ ಇಲ್ಲವೆಂದು ಅವನು ದಪ್ಪನೆಯ ರಿಜಿಸ್ಟರ್ಡ್ ಲಕೋಟೆಯೊಂದನ್ನು ಎರಡನೇ ಮಹಡಿಯ ಅನಂತಮೂರ್ತಿಯವರ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡ. ಮೇಲೆ 'ಪೇಟೆಂಟ್ ಕಚೇರಿ' ಎಂದಿತ್ತು. ಬೇರೆಯವರ ಕಾಗದ ಒಡೆಯುವುದು ಅಪರಾಧವೆಂದು ಬಲ್ಲ ಅನಂತಮೂರ್ತಿಯವರು ಅದನ್ನು ಒಡೆಯಲಿಲ್ಲ. ಟ್ಯೂಬ್‌ಲೈಟಿಗೆ ಹಿಡಿದು ಅರ್ಧ ಗಂಟೆ ಓದಿದರು. ಕಂಡದ್ದು ಇಷ್ಟು: ಸಂಶೋಧಕರು, ಅಹಲ್ಯಾ ಜಗನ್ನಾಥ. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದ ಮೂತಿಗೆ ಜೋಡಿಸುವ ಸಾಧನ. ಮಂಜೂರಾಗಿದೆ.

ಅವರು ಮೆಲ್ಲನೆ ಕುರ್ಚಿಯಲ್ಲಿ ಕುಳಿತರು. ಭಾರತ ಸರ್ಕಾರವೇ ಮುದ್ರೆಯೊತ್ತಿ ಒಪ್ಪಿಕೊಂಡ ಸಂಶೋಧಕಿಯ ಕೈಯಲ್ಲಿ ಅವರು ಫ್ರಿಜ್ಜಿನ ರಬ್ಬರ್ ಬದಲಾಯಿಸಿಕೊಂಡಿದ್ದರು. ಪ್ರಶ್ನೆ ಅಹಲ್ಯಾ ಅವರ ಮಾನದ್ದಲ್ಲ, ತಮ್ಮದು. ಅವರ ವಿಸಿಟಿಂಗ್ ಕಾರ್ಡಿನಲ್ಲಿ 'ಅನಂತಮೂರ್ತಿ, ಭಾರತ ಸರ್ಕಾರ (ನಿವೃತ್ತ)' ಎಂದಿತ್ತು. ಅದನ್ನು ಮೊದಲ ಸಲ ನೋಡಿದ ಮೊಮ್ಮಗಳು ಇಂಚರಾ, "ಅಜ್ಜಾ, ಪೂರಾ ಸರ್ಕಾರ್ ರಿಟೈರ್ ಆಗೋಯ್ತಾ ಕ್ಯಾ?" ಎಂದು ಕೇಳಿದ್ದಳು. ಅಂಥ ಕಾರ್ಡಿನ ಒಡೆಯ ಹೀಗೆ ಎಡವಬಹುದೇ?

ಸಂಜೆ ಲಕೋಟೆಯನ್ನೂ ಒಂದು ಡಜನ್ ಬಾಳೆಹಣ್ಣನ್ನೂ ಹಿಡಿದು ಮೇಲೆ ಹೋದರು. 'ನೀನು' ಎಂಬುದನ್ನು ಮೆಟ್ಟಿಲ ಮೇಲೆಯೇ ಬಿಟ್ಟಿದ್ದರು.

"ಅಹಲ್ಯಾ ಅವರೇ, ನೀವು ವಿಜ್ಞಾನಿ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ನೀವು ಫ್ರಿಜ್ಜಿನ ವಿಷಯ ಕೇಳಿದ್ರಿ ಸಾರ್," ಎಂದರು ಅಹಲ್ಯಾ ಲಕೋಟೆಯನ್ನು ಒಡೆಯದೆ ಟಿವಿಯ ಮೇಲಿಡುತ್ತಾ. "ಮತ್ತೆ ನಾನು ವಿಜ್ಞಾನಿ ಅಲ್ಲ. ಟೆಕ್ನಿಕಲ್ ಆಫೀಸರ್. ಮಷೀನ್ ನೋಡ್ಕೋತೀನಿ."

"ದ್ರವ್ಯರಾಶಿ ರೋಹಿತಮಾಪಕ!" ಎಂದರು ಅನಂತಮೂರ್ತಿ. ಮಧ್ಯಾಹ್ನವೆಲ್ಲ ನಿಘಂಟು ತಿರುವಿ ಬಂದಿದ್ದರು.

"ನಾವು ಮುದುಕಿ ಅಂತೀವಿ."

ಅಹಲ್ಯಾ ಹುಟ್ಟಿದ್ದು ಹರಿಹರದಲ್ಲಿ, ಯಂತ್ರದ ಕಾರ್ಖಾನೆಯೊಂದರ ಫಿಟ್ಟರ್ ಮಗಳಾಗಿ. ಓರಗೆಯ ಹುಡುಗಿಯರು ಕಸೂತಿ ಹಾಕುವ ವಯಸ್ಸಿನಲ್ಲಿ ಅಪ್ಪನ ಜೊತೆ ಕೂತು ಕಬ್ಬಿಣದ ತುಂಡನ್ನು ಕೂದಲೆಳೆಯಷ್ಟು ಅರ ಹಾಕುವುದನ್ನು ಕಲಿತರು. ಡಿಪ್ಲೊಮಾ ಮುಗಿಯುತ್ತಲೇ ರೈಲ್ವೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದ ಜಗನ್ನಾಥರನ್ನು ಮದುವೆಯಾಗಿ ದಿಲ್ಲಿಗೆ ಬಂದರು. ಮುನಿರ್ಕಾದ ಆಚೆ ಒಂದು ಸಂಶೋಧನಾಲಯದಲ್ಲಿ ಕೆಲಸ ಸಿಕ್ಕಿತು. ಹತ್ತೊಂಬತ್ತು ವರ್ಷಗಳ ಹಿಂದೆ ಅಲ್ಲಿಗೆ ಮರದ ಪೆಟ್ಟಿಗೆಯಲ್ಲಿ ಆ ಯಂತ್ರ ಬಂದಿಳಿಯಿತು. ಅದರ ಮೇಲೆ ಕೆಲಸ ಮಾಡುವ ಡಾಕ್ಟರೇಟುಗಳು ಬೇಕಾದಷ್ಟಿದ್ದರು. ಅದನ್ನು ಬಿಚ್ಚಿ ಜೋಡಿಸುವವರು ಯಾರೂ ಇರಲಿಲ್ಲ. ಅಹಲ್ಯಾ ಅದರ ನಾನ್ನೂರು ಪುಟದ ಕೈಪಿಡಿಯನ್ನು ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಓದಿ ಮುಗಿಸಿದರು.

ಯಂತ್ರ ಮಾಡುವುದು ದೊಡ್ಡ ಗುಟ್ಟೇನಲ್ಲ. ಒಂದು ಹನಿ ವಸ್ತುವನ್ನು ಆವಿಯಾಗಿಸಿ, ಅದರ ಕಣಕಣಕ್ಕೂ ವಿದ್ಯುತ್ತಿನ ಚುರುಕು ಮುಟ್ಟಿಸಿ, ಒಳಗೆ ಓಡಿಸಿ, ಒಂದೊಂದರ ತೂಕ ನೋಡುತ್ತದೆ. ಇಂತಿಷ್ಟು ತೂಕವಿದ್ದರೆ ಹಾಲಿನ ಕೊಬ್ಬು, ಇಂತಿಷ್ಟಿದ್ದರೆ ಅರಿಶಿನ, ಇಂತಿಷ್ಟಿದ್ದರೆ ಯಾರೋ ಬೆರೆಸಿದ ಬಣ್ಣ. ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದಕ್ಕೂ ಒಂದೊಂದು ಗೆರೆ ಎದ್ದು ನಿಲ್ಲುತ್ತದೆ. ತೊಂದರೆಯಿದ್ದದ್ದು ಬಾಗಿಲಲ್ಲಿ. ಕಣಗಳು ಒಳಗೆ ಹೋಗುವ ತೂತು ಗುಂಡುಸೂಜಿಯ ಮೊನೆಯಷ್ಟು. ಯಂತ್ರ ಹುಟ್ಟಿದ ದೇಶದಲ್ಲಿ ಅದಕ್ಕೆ ಬಹುಶಃ ಶುದ್ಧ ನೀರನ್ನೇ ಕುಡಿಸುತ್ತಿದ್ದರು. ಇಲ್ಲಿ ದೀಪಾವಳಿ ಬಂತೆಂದರೆ ಕಲಬೆರಕೆ ಪರೀಕ್ಷೆಗೆಂದು ತುಪ್ಪ, ಖೋವಾ, ಸಾಸಿವೆಯೆಣ್ಣೆ, ಜಿಲೇಬಿ ಕರಿದ ಬಾಣಲೆಯ ತಳ, ಎಲ್ಲವೂ ಬಂದು ಬೀಳುತ್ತಿತ್ತು. ಹದಿನೈದು ಸ್ಯಾಂಪಲ್ ಆಗುವಷ್ಟರಲ್ಲಿ ಮುದುಕಿಯ ಗಂಟಲು ಕಟ್ಟುತ್ತಿತ್ತು. ಆಮೇಲೆ ಎಲ್ಲ ಆರಿಸಿ, ಬಿಚ್ಚಿ, ತೊಳೆದು, ಮತ್ತೆ ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯುವ ಹೊತ್ತಿಗೆ ಎರಡು ದಿನ.

ಇದಕ್ಕೆ ಉಪಾಯ ಹೊಳೆದದ್ದು ಒಂದು ಮಾಲಿನ ಬಾಗಿಲಲ್ಲಿ. ಜೂನ್ ತಿಂಗಳು, ಹೊರಗೆ ನಲವತ್ತೈದು ಡಿಗ್ರಿ. ಚಪ್ಪಲಿ ಕೊಳ್ಳಲು ಹೋದ ಅಹಲ್ಯಾ ಬಾಗಿಲ ನೆತ್ತಿಯಿಂದ ಬುಸುಗುಟ್ಟುತ್ತಾ ಇಳಿಯುವ ಗಾಳಿಯ ಪರದೆಯ ಕೆಳಗೆ ನಿಂತುಬಿಟ್ಟರು. ಬಿಸಿ ಹೊರಗೇ ಇದೆ, ಜನ ಮಾತ್ರ ಒಳಗೆ ಹೋಗುತ್ತಿದ್ದಾರೆ. ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ, ಸೆರಗು ಎತ್ತಿ ಹಿಡಿದು ಅದು ಎತ್ತ ಹಾರುತ್ತದೆ ಎಂದು ನೋಡುತ್ತಾ ಕಾಲು ಗಂಟೆ. ಒಳಗೋ ಹೊರಗೋ ಎಂದು ಕಾವಲಿನವನಿಗೆ ತಾಳ್ಮೆ ತಪ್ಪಿತು. "ಮ್ಯಾಡಮ್, ಅಂದರ್ ಯಾ ಬಾಹರ್?"

"ಅದೇ ಗೊತ್ತಾಗ್ಬೇಕು ಭಯ್ಯಾ," ಎಂದು ಕನ್ನಡದಲ್ಲೇ ಉತ್ತರಿಸಿ, ಚಪ್ಪಲಿ ಕೊಳ್ಳದೆ ಮನೆಗೆ ಬಂದರು.

ಬಂದವರೇ ಅಡುಗೆಮನೆಯಲ್ಲಿದ್ದ ಹಿತ್ತಾಳೆಯ ಕಾಫಿ ಫಿಲ್ಟರ್ ಬಿಚ್ಚಿದರು. ಪುಡಿಯನ್ನು ಒತ್ತಿ ಕೂರಿಸಲು ಅದರೊಳಗೆ ತೂತುಗಳ ಒಂದು ಬಿಲ್ಲೆ ಇರುತ್ತದಲ್ಲ, ಅದರ ಹಿಡಿಯನ್ನು ಕತ್ತರಿಸಿ, ಹಳೆಯ ತೂತುಗಳನ್ನು ಬೆಸುಗೆ ಹಾಕಿ ಮುಚ್ಚಿ, ಹೊಸದಾಗಿ ಓರೆ ತೂತುಗಳನ್ನು ಕೊರೆದರು. ಓರೆ ತೂತಿನಿಂದ ನುಗ್ಗುವ ಗಾಳಿ ಸುಳಿಯಾಗಿ ಸುತ್ತಿ ಜಿಡ್ಡನ್ನು ಪಕ್ಕಕ್ಕೆ ದೂಡಬೇಕು. ಚುರುಕು ಮುಟ್ಟಿದ ಹಗುರ ಕಣಗಳು ಸುಳಿಯ ನಡುವಿನಿಂದ ಒಳಗೆ ಜಾರಬೇಕು. ಮೊದಲನೆಯ ಬಿಲ್ಲೆ ಎಲ್ಲವನ್ನೂ ದೂಡಿತು. ಎರಡನೆಯದು ಯಾವುದನ್ನೂ ದೂಡಲಿಲ್ಲ. ಹದಿನೇಳನೆಯದು ಕೆಲಸ ಮಾಡಿತು. ಅಲ್ಲಿಯವರೆಗೆ ಎಂಟು ತಿಂಗಳು ಜಗನ್ನಾಥರು ತುಟಿಪಿಟಕ್ಕೆನ್ನದೆ ಪುಡಿ ಕಲಸಿದ ಕಾಫಿ ಕುಡಿದರು. ಮಹಾ ಸಾಧನೆಗಳ ಹಿಂದೆ ಇಂಥ ತ್ಯಾಗಗಳಿರುತ್ತವೆ. ಅವಕ್ಕೆ ಪೇಟೆಂಟ್ ಇಲ್ಲ.

ಇಂಥ ಸಾಧನ ಬೇರೆ ಇವೆಯಲ್ಲ, ನಿಮ್ಮದರಲ್ಲಿ ಹೊಸತೇನು ಎಂದು ಪೇಟೆಂಟ್ ಪರೀಕ್ಷಕರು ಎರಡು ಪುಟದ ಪತ್ರ ಬರೆದಿದ್ದರು. ಅಹಲ್ಯಾ ಒಂದು ಸಾಲಿನ ಉತ್ತರ ಕಳಿಸಿದ್ದರು: 'ಅವು ಕಟ್ಟಿಕೊಳ್ಳುತ್ತವೆ, ಇದು ಕಟ್ಟಿಕೊಳ್ಳುವುದಿಲ್ಲ.' ಜೊತೆಗೆ ಅಂಕಿಗಳ ಹತ್ತು ಪುಟ.

ಇಷ್ಟನ್ನೂ ಕೇಳಿದ ಅನಂತಮೂರ್ತಿಯವರ ಕಣ್ಣು ತೇವವಾಯಿತು. "ನಿಮಗೊಂದು ಸನ್ಮಾನ ಮಾಡ್ಲೇಬೇಕು. ಶಾಲು, ಪೇಟ, ಗಂಧದ ಹಾರ. ನಾನೇ ಅಧ್ಯಕ್ಷತೆ ವಹಿಸ್ತೀನಿ."

"ಶಾಲು ಬೇಡ ಸಾರ್. ಒಂದು ಕಾಗದ ಬರ್ಕೊಡ್ತೀರಾ?"

ವಿಷಯ ಇಷ್ಟು. ಲ್ಯಾಬಿಗೆ ಹೊಸ ಯಂತ್ರ ಬರಲಿತ್ತು. ಜಾಗ ಬೇಕೆಂದು ಹಳೆಯದನ್ನು ಕಂಡೆಮ್ ಮಾಡಿ, ಮಾರ್ಚ್ ಮೂವತ್ತೊಂದರ ಒಳಗೆ ಗುಜರಿಗೆ ಹಾಕಬೇಕೆಂದು ಸಮಿತಿಯೊಂದು ಕೂತಿತ್ತು. ಬಿಲ್ಲೆ ಹೊಂದುವುದು ಮುದುಕಿಯ ಮೂತಿಗೆ ಮಾತ್ರ. ಅವಳು ಹೋದರೆ ಪೇಟೆಂಟ್ ಬರೀ ಕಾಗದ. ಅಹಲ್ಯಾ ಅವರನ್ನೂ ಉಗ್ರಾಣಕ್ಕೆ ಹಾಕುತ್ತಾರೆ, ನಿವೃತ್ತಿಯ ತನಕ ಬಲ್ಬು ಎಣಿಸಲು. ಹೊಸ ಯಂತ್ರದವರೋ ಜಿಡ್ಡು ಪದಾರ್ಥ ಮುಟ್ಟುವುದಿಲ್ಲ ಎಂದು ಮಡಿಯಲ್ಲಿ ಕೂತಿದ್ದರು. ಆದ್ದರಿಂದ ಸಮಿತಿ ಒಂದು ಅವಕಾಶ ಕೊಟ್ಟಿತ್ತು: ಒಂದೇ ದಿನ ಒಂದರ ಮೇಲೊಂದು ನೂರು ಜಿಡ್ಡು ಸ್ಯಾಂಪಲ್ಲುಗಳನ್ನು ಗಂಟಲು ಕಟ್ಟದೆ ತೂಗಿ ತೋರಿಸಿದರೆ ಹಳೆಯದು ಉಳಿಯಬಹುದು. ಪರೀಕ್ಷೆ ಹೇಗೆ ನಡೆಯಬೇಕೆಂಬ ನಿಯಮಾವಳಿಯನ್ನು ಬರೆದು ಕೊಡಬೇಕು.

ನಿಯಮಾವಳಿ! ಒಂಬತ್ತು ವರ್ಷಗಳಿಂದ ಅನಂತಮೂರ್ತಿಯವರು ಹಾಲಿನವನ ಚೀಟಿ ಬಿಟ್ಟು ಬೇರೇನೂ ಬರೆದಿರಲಿಲ್ಲ. ಅಂದು ರಾತ್ರಿಯ ಊಟ ಬಿಟ್ಟು ಕೂತು ಏಳು ಪುಟ ಬರೆದರು. 'ಮೇಲ್ಕಂಡ', 'ತತ್ಸಂಬಂಧ', 'ಸದರಿ ತುಪ್ಪ' ಎಂಬ ಪದಗಳು ಹಳೆಯ ಗೆಳೆಯರಂತೆ ಒಂದೊಂದಾಗಿ ಮರಳಿ ಬಂದವು. ಆಮೇಲೆ ಅದಕ್ಕೊಂದು ಇಂಗ್ಲಿಷ್ ಪ್ರತಿ, ಒಂದು ಹಿಂದಿ ಪ್ರತಿ.

ಅಹಲ್ಯಾ ಓದಿ ನೋಡಿದರು. "ಹನ್ನೊಂದನೇದು ಬೇಡ ಸಾರ್."

ಹನ್ನೊಂದನೇ ನಿಯಮ: 'ಒಮ್ಮೆ ಹಾಕಿದ ಸ್ಯಾಂಪಲನ್ನಾಗಲಿ, ನೂರರ ಹೊರಗಿನ ಬೇರಾವ ಸ್ಯಾಂಪಲನ್ನಾಗಲಿ ಯಾವುದೇ ಕಾರಣಕ್ಕೂ ಮತ್ತೆ ಹಾಕತಕ್ಕದ್ದಲ್ಲ.'

"ಅದೇ ಜೀವಾಳ ಅಮ್ಮಾ! ಅದಿಲ್ದಿದ್ರೆ ನಾಳೆ ಯಾವನೋ ಆಡಿಟ್‌ನವನು ಬಂದು, ಆಗೋವರೆಗೂ ಹಾಕ್ತಾ ಕೂತಿದ್ರು ಅಂತ ಷರಾ ಬರೀತಾನೆ."

"ಹದಿನಾಲ್ಕನೇದೂ ಬೇಡ. ಮೊದಲನೇದಕ್ಕೆ ಬೆಣ್ಣೆ ಕಾಯಿಸಿ ನಾನೇ ತುಪ್ಪ ಮಾಡ್ತೀನಲ್ಲ, ಕೊನೇದಕ್ಕೂ ಅದನ್ನೇ ಹಾಕೋಣ."

ಹದಿನಾಲ್ಕನೇ ನಿಯಮ: 'ನೂರನೇ ಸ್ಯಾಂಪಲ್ ನಿಸ್ಸಂಶಯವಾಗಿ ಶುದ್ಧವಾದ ತುಪ್ಪವಾಗಿರತಕ್ಕದ್ದು, ಅದರಲ್ಲಿ ಹಾಲಿನ ಕೊಬ್ಬು ಪೂರ್ಣವಾಗಿ ಕಂಡರೆ ಮಾತ್ರ ಯಂತ್ರ ಉತ್ತೀರ್ಣ.' ಕೆಳಗೆ, ಈ ತುಪ್ಪದ ಶುದ್ಧತೆಯನ್ನು ಪ್ರಮಾಣೀಕರಿಸಿದವರು: ಅನಂತಮೂರ್ತಿ, ಭಾರತ ಸರ್ಕಾರ (ನಿವೃತ್ತ).

"ನೂರನೇದು ನಮ್ಮ ಮನೇದು," ಎಂದರು ಅನಂತಮೂರ್ತಿ ಎದೆಯ ಮೇಲೆ ಕೈಯಿಟ್ಟು. "ಅರಸೀಕೆರೆ ತುಪ್ಪ. ನಮ್ಮ ಚಿಕ್ಕಪ್ಪನ ಮಗನ ಮನೆಯಿಂದ ಬರೋದು. ದಿಲ್ಲಿಯಲ್ಲಿ ಜನವರಿ ತಿಂಗಳಲ್ಲಿ ಎಲ್ಲರ ಮನೆ ತುಪ್ಪ ಕಲ್ಲಾಗತ್ತೆ. ನಮ್ಮದು ನೀರಿನ ಹಾಗೆ ಹರೀತಾ ಇರತ್ತೆ. ಅದು ಶುದ್ಧತೆ ಅಂದ್ರೆ!"

ಅಹಲ್ಯಾ ಅನಂತಮೂರ್ತಿಯವರನ್ನೇ ಒಂದು ಗಳಿಗೆ ನೋಡಿದರು. ಏನೋ ಕೇಳಲು ಬಾಯಿ ತೆರೆದವರು, ಏಳು ಪುಟಗಳ ಆ ಸಂಭ್ರಮವನ್ನು ನೋಡಿ ಸುಮ್ಮನಾದರು. ಅದೊಂದೇ ಅವರು ಮಾಡಿದ ತಪ್ಪು.

ಉಳಿದ ತೊಂಬತ್ತೆಂಟು ತುಪ್ಪಗಳನ್ನು ಅನಂತಮೂರ್ತಿಯವರು ಕನ್ನಡದ ಮನೆಗಳಿಂದ ಒಂದು ವಾರದಲ್ಲಿ ಕೂಡಿಹಾಕಿದರು. ಹೋಮಿಯೋಪಥಿಯ ಪುಟ್ಟ ಸೀಸೆಗಳು, ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಪೂರ್ಣ ಗೋಪ್ಯತೆಯ ಭರವಸೆ ಕೊಟ್ಟಿದ್ದರು. ಗೋಪ್ಯತೆ ಯಾರಿಗೂ ಬೇಕಿರಲಿಲ್ಲ. ಪಕ್ಕದ ಮನೆಯ ತುಪ್ಪದಲ್ಲಿ ಏನಿದೆ ಎಂಬುದು ಬೇಕಿತ್ತು. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಸುಶೀಲಮ್ಮ ಎಂಬುವರು ಸೀಸೆ ತುಂಬಿಸಿ ಕೊಟ್ಟು, ಸೆರಗಿನ ಮರೆಯಿಂದ ಇನ್ನೊಂದನ್ನು ತೆಗೆದರು. "ಇದು ನಮ್ಮ ಓರಗಿತ್ತೀದು ಸಾರ್. ಅವಳಿಗೆ ಗೊತ್ತಿಲ್ಲ. ರಿಸಲ್ಟ್ ಮಾತ್ರ ನನಗೆ ಹೇಳಿ."

ಮೆಟ್ರೋ ನಿಲ್ದಾಣದಲ್ಲಿ ಚೀಲ ತಪಾಸಣೆಯ ಯಂತ್ರದೊಳಗೆ ಹೋಗಿ ಅರ್ಧಕ್ಕೇ ನಿಂತಿತು. ಪರದೆಯ ಮೇಲೆ ಸಾಲುಸಾಲಾಗಿ ನಲವತ್ತು ಸೀಸೆ. ಸಿಪಾಯಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. "ಅಂಕಲ್, ಯೇ ಕ್ಯಾ ಹೈ?"

"ಘೀ."

"ಸಬ್ ಘೀ?"

"ಸಬ್ ಅಲಗ್ ಅಲಗ್ ಘೀ," ಎಂದರು ಅನಂತಮೂರ್ತಿ ಘನತೆಯಿಂದ, ಒಂದೊಂದೂ ಬೇರೆಬೇರೆಯದೆಂದು. ಸಿಪಾಯಿ ಮೂಸಿ ನೋಡಿದ. ಇನ್ನೊಬ್ಬನನ್ನು ಕರೆದ. ಇಬ್ಬರೂ ಮೂಸಿದರು. ಹಿಂದೆ ಸಾಲು ಬೆಳೆಯಿತು. ಸಾಲಿನಲ್ಲಿದ್ದ ಒಬ್ಬ ಅಜ್ಜಿಯೂ ಬಂದು ಮೂಸಿ, ಇಪ್ಪತ್ತಮೂರನೇ ಸೀಸೆ ಸೀದಿದೆ ಎಂದು ತೀರ್ಪು ಕೊಟ್ಟಳು. ಯಾವ ಯಂತ್ರವೂ ಇಲ್ಲದೆ ಆ ಮುದುಕಿ ಹೇಳಿದ್ದು ಸರಿಯೆಂದು ಆಮೇಲೆ ಲ್ಯಾಬಿನಲ್ಲಿ ತಿಳಿಯಿತು.

ಮಾರ್ಚ್ ಇಪ್ಪತ್ತೆಂಟು, ಬೆಳಗ್ಗೆ ಹತ್ತು ಗಂಟೆ. ಸಮಿತಿಯ ಮುಖ್ಯಸ್ಥ ತ್ಯಾಗಿ ಸಾಹೇಬರು ಇನ್ನಿಬ್ಬರು ಸದಸ್ಯರೊಂದಿಗೆ ಬಂದು ಕೂತರು. ಘನವಾದ ಮೀಸೆ, ಅದಕ್ಕಿಂತ ಘನವಾದ ನಿಟ್ಟುಸಿರು. ಗುಜರಿಯವನು ಮೂವತ್ತನೇ ತಾರೀಖು ಲಾರಿ ತರುವುದಾಗಿ ಆಗಲೇ ಹೇಳಿಯಾಗಿತ್ತು. ಅನಂತಮೂರ್ತಿಯವರು ಕೋಟು ತೊಟ್ಟು, ಏಳು ಪುಟಗಳ ನಿಯಮಾವಳಿಯನ್ನು ಎದೆಗವಚಿಕೊಂಡು ಸಾಕ್ಷಿಯ ಕುರ್ಚಿಯಲ್ಲಿದ್ದರು. ಅಂಥ ಕುರ್ಚಿಯನ್ನು ಆರನೇ ನಿಯಮದಲ್ಲಿ ಅವರೇ ಸೃಷ್ಟಿಸಿದ್ದರು.

ಅಹಲ್ಯಾ ಹಿತ್ತಾಳೆಯ ಬಿಲ್ಲೆಯನ್ನು ಮುದುಕಿಯ ಮೂತಿಗೆ ಕೂರಿಸಿ ತಿರುಪು ಬಿಗಿದರು. ಸುಯ್ ಎಂದು ಗಾಳಿ ಸುಳಿಯಿತು. ಒಂದನೇ ಹನಿ. ಪರದೆಯ ಮೇಲೆ ಹಾಲಿನ ಕೊಬ್ಬಿನ ಗೆರೆಗಳು ಕುತುಬ್ ಮಿನಾರಿನ ಹಾಗೆ ಎದ್ದು ನಿಂತವು.

ಹದಿನೈದು ದಾಟಿತು. ತ್ಯಾಗಿ ಸಾಹೇಬರು ಗಡಿಯಾರ ನೋಡಿದರು. ಮೂವತ್ತು ದಾಟಿತು; ಅವರು ಗಡಿಯಾರ ನೋಡುವುದನ್ನು ಬಿಟ್ಟು ಪರದೆ ನೋಡಿದರು. ನಲವತ್ತಕ್ಕೆ ಸಮೋಸಾ ಬಂತು. ಸಮಿತಿಯ ಬೆರಳುಗಳೂ ಜಿಡ್ಡಾದವು, ಯಂತ್ರದ ಗಂಟಲು ಆಗಲಿಲ್ಲ. ಅರವತ್ತು, ಎಪ್ಪತ್ತು. ಓರಗಿತ್ತಿಯ ತುಪ್ಪ ಅಪ್ಪಟವಾಗಿತ್ತು, ಸುಶೀಲಮ್ಮನವರದು ಅಷ್ಟಿರಲಿಲ್ಲ. ಎಂಬತ್ತೈದರ ಹೊತ್ತಿಗೆ ಸದಸ್ಯರಿಬ್ಬರೂ ಕುರ್ಚಿ ಬಿಟ್ಟು ಎದ್ದು ಬಂದು, ಮ್ಯಾಚಿನ ಕೊನೆಯ ಓವರಿನಲ್ಲಿ ನಿಂತಂತೆ ನಿಂತಿದ್ದರು. ತೊಂಬತ್ತೊಂಬತ್ತು: ಗೆರೆ ಎತ್ತರದಲ್ಲೇ ಇತ್ತು.

ಅನಂತಮೂರ್ತಿಯವರು ಎದ್ದು ಕೋಟಿನ ಒಳಜೇಬಿನಿಂದ ನೂರನೇ ಸೀಸೆಯನ್ನು ತೆಗೆದರು. ಗೋಧೂಳಿ, ಕಟ್ಟಿಗೆ ಒಲೆ, ಪೂರ್ವಜರು, ಎಲ್ಲವೂ ಬರುವ ನಾಲ್ಕು ನಿಮಿಷದ ಭಾಷಣವನ್ನು ಹಿಂದಿಯಲ್ಲಿ ಮಾಡಿದರು. ಅಹಲ್ಯಾ ಸೀಸೆಯನ್ನು ಇಸಿದುಕೊಂಡು ಹನಿ ಹಾಕಿದರು.

ಗೆರೆ ಮಲಗಿತು.

ಹಾಲಿನ ಕೊಬ್ಬು ಇರಬೇಕಾದಲ್ಲಿ ಮೊಳಕೆಯಷ್ಟು ಎತ್ತರದ ಎರಡು ಗೆರೆಗಳು ಮಾತ್ರ ನಾಚಿಕೊಂಡು ನಿಂತಿದ್ದವು.

"ಜಾಮ್ ಹೋ ಗಯಾ," ಎಂದರು ತ್ಯಾಗಿ ಸಾಹೇಬರು. ಅವರ ದನಿಯಲ್ಲಿ ನಿಜಕ್ಕೂ ಬೇಸರವಿತ್ತು.

"ಕಟ್ಟಿಕೊಂಡಿಲ್ಲ," ಎಂದರು ಅಹಲ್ಯಾ ಹಿಂದಿಯಲ್ಲೇ. ಕಂಪ್ಯೂಟರಿನ ಚಿತ್ರವನ್ನು ಪಕ್ಕಕ್ಕೆ ಎಳೆದು ತೋರಿಸಿದರು. ಅಲ್ಲಿ ಬೇರೆಯೇ ಗೆರೆಗಳ ಒಂದು ಕಾಡು ಎದ್ದಿತ್ತು. "ಬಾಗಿಲು ತೆರೆದೇ ಇದೆ. ಒಳಗೆ ಬಂದಿರೋದು ಬೇರೆ. ಇದು ಅಡುಗೆ ಎಣ್ಣೆ. ಇಲ್ಲೊಂದು ಗೆರೆ ಇದೆಯಲ್ಲ, ಇದು ಅರಿಶಿನ. ತುಪ್ಪ ಇದೆ. ಒಂದು ಡಬ್ಬಿಗೆ ಅರ್ಧ ಚಮಚ ಇರ್ಬಹುದು."

"ಏನಂದ್ರಿ?" ಅನಂತಮೂರ್ತಿಯವರ ಮುಖ ಕೆಂಪಾಯಿತು. "ಅರಸೀಕೆರೆ ತುಪ್ಪದಲ್ಲಿ ಅರಿಶಿನವೇ? ಅಡುಗೆ ಎಣ್ಣೆಯೇ?"

"ಹಾಗಾದರೆ ಹಳೆಯದೊಂದನ್ನು ಮತ್ತೆ ಹಾಕಿ ನೋಡಿ, ಮುಗಿದುಹೋಯಿತು," ಎಂದರು ಸದಸ್ಯರೊಬ್ಬರು.

ತ್ಯಾಗಿ ಸಾಹೇಬರು ನಿಯಮಾವಳಿಯ ಹಿಂದಿ ಪ್ರತಿಯ ಮೂರನೇ ಪುಟ ತಿರುವಿ ಹನ್ನೊಂದನೆಯದರ ಮೇಲೆ ಬೆರಳಿಟ್ಟರು. ಆಮೇಲೆ ಹದಿನಾಲ್ಕನೆಯದರ ಮೇಲೆ. "ಮೂರ್ತಿಜೀ, ಬಹಳ ಬಿಗಿಯಾಗಿ ಬರೆದಿದ್ದೀರಿ. ಎಲ್ಲೂ ಒಂದು ಸಂದಿಲ್ಲ. ನೂರನೆಯದು ಶುದ್ಧ ಅಂತ ನಿಮ್ಮ ಸಹಿ ಇದೆ. ಅದು ಶುದ್ಧವಾಗಿದ್ದರೆ ಯಂತ್ರ ಫೇಲ್."

ಇಡೀ ವೃತ್ತಿಜೀವನದಲ್ಲಿ ಯಾರೂ ಅನಂತಮೂರ್ತಿಯವರ ಕರಡನ್ನು ಹೀಗೆ ಹೊಗಳಿರಲಿಲ್ಲ. ಆದರೂ ಸಂತೋಷವಾಗಲಿಲ್ಲ. ತುಪ್ಪ ನಿಜವಾದರೆ ಯಂತ್ರ ಹೋಯಿತು. ಯಂತ್ರ ನಿಜವಾದರೆ ಅರಸೀಕೆರೆ ಹೋಯಿತು. ಜೊತೆಗೆ ಜನವರಿಯಲ್ಲಿ ಹರಿಯುವ ಶುದ್ಧತೆ, ಪ್ರತಿ ಮದುವೆಯ ಊಟದಲ್ಲಿ ಪಕ್ಕದವರ ಎಲೆ ನೋಡಿ ನಕ್ಕ ನಗು, ಎಲ್ಲ. ಅಹಲ್ಯಾ ಏನಾದರೂ ಅಂದಿದ್ದರೆ, ಒಂದಿಷ್ಟು ಬೇಡಿಕೊಂಡಿದ್ದರೆ ಅವರೂ ಎರಡು ಮಾತಾಡಿ ಬಿಗುಮಾನ ಉಳಿಸಿಕೊಳ್ಳುತ್ತಿದ್ದರೇನೋ. ಅಹಲ್ಯಾ ಮಾತ್ರ ಬಟ್ಟೆಯ ತುಂಡಿನಲ್ಲಿ ಬೆರಳು ಒರೆಸಿಕೊಂಡು, ಗಾಳಿಯ ತಿರುಪನ್ನು ನಿಲ್ಲಿಸಲು ಕೈ ಚಾಚಿದರು. ಅದನ್ನು ತಿರುಗಿಸುವ ಮುನ್ನ ಯಂತ್ರದ ಬೆನ್ನನ್ನು ಎರಡು ಸಲ ಮೆಲ್ಲಗೆ ತಟ್ಟಿದರು.

"ತಡೀರಿ!" ಎಂದರು ಅನಂತಮೂರ್ತಿ. ಫೋನ್ ತೆಗೆದು, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು, ಮನೆಗೆ ಕರೆ ಮಾಡಿದರು.

"ಏನ್ರೀ? ಊಟಕ್ಕೆ ಬರ್ತೀರೋ ಇಲ್ವೋ?" ಗಿರಿಜಮ್ಮನ ದನಿ ಲ್ಯಾಬಿನ ತುಂಬಾ ಮೊಳಗಿತು.

"ಗಿರಿಜಾ, ಮೊನ್ನೆ ಸೀಸೆಗೆ ತುಂಬಿಸಿಕೊಟ್ಯಲ್ಲ, ಅರಸೀಕೆರೆ ಡಬ್ಬಿಯಿಂದ. ಅದು ಯಾವ ತುಪ್ಪ?"

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು. "ನಿಜ ಹೇಳ್ಲೋ, ನಿಮಗೆ ಬೇಕಾದ್ದು ಹೇಳ್ಲೋ?"

"ನಿಜ. ಒಂದು ಯಂತ್ರದ ಪ್ರಾಣ ಇದೆ ಇದರಲ್ಲಿ."

"ಹಂಗಾದ್ರೆ ಕೇಳಿ. ಆ ಡಬ್ಬಿ ಖಾಲಿಯಾಗಿ ಆರು ವರ್ಷ ಆಯ್ತು. ನಿಮ್ಮ ಚಿಕ್ಕಪ್ಪನ ಮಗ ಹಸು ಮಾರಿ ಮೊಬೈಲ್ ಅಂಗಡಿ ಇಟ್ಟ. ಅದೇ ವರ್ಷ ಡಾಕ್ಟ್ರು ನಿಮಗೆ ತುಪ್ಪ ನಿಲ್ಲಿಸಿ ಅಂದ್ರು. ನೀವು ನಿಲ್ಲಿಸೋರಾ? ತಟ್ಟೆ ತಳ್ಳಿ ಎದ್ದು ಹೋಗ್ತಿದ್ರಿ. ಅದಕ್ಕೇ ನಾನೇ ಒಂದು ದಾರಿ ಕಂಡ್ಕೊಂಡೆ."

ತ್ಯಾಗಿ ಸಾಹೇಬರಿಗೆ ಕನ್ನಡ ಬಾರದು, ಆದರೆ ಹೆಂಡತಿಯ ದನಿ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತಿತ್ತು. ಅವರು ಫೋನಿನತ್ತ ಬಾಗಿ, ಅದರಲ್ಲಿ ಏನೇನು ಹಾಕುತ್ತೀರಿ ಭಾಭೀಜಿ, ಎಂದು ಹಿಂದಿಯಲ್ಲಿ ವಿನಯದಿಂದ ಕೇಳಿದರು.

ದಿಲ್ಲಿಗೆ ಬಂದು ಮೂವತ್ತೈದು ವರ್ಷವಾದ ಗಿರಿಜಮ್ಮ ತಟ್ಟನೆ ಹಿಂದಿಗೆ ಹೊರಳಿದರು. "ರಿಫೈಂಡ್ ತೇಲ್, ಭಾಯಿಸಾಬ್. ಚುಟ್ಕೀ ಭರ್ ಹಲ್ದೀ. ಔರ್ ಖುಷ್‌ಬೂ ಕೇ ಲಿಯೇ ಆಧಾ ಚಮ್ಮಚ್ ಘೀ."

ಎಣ್ಣೆ. ಒಂದು ಚಿಟಿಕೆ ಅರಿಶಿನ. ಘಮಕ್ಕೆ ಅರ್ಧ ಚಮಚ ತುಪ್ಪ.

ತ್ಯಾಗಿ ಸಾಹೇಬರು ಪರದೆಯನ್ನು ನೋಡಿದರು, ಫೋನನ್ನು ನೋಡಿದರು, ಹಿತ್ತಾಳೆಯ ಬಿಲ್ಲೆಯನ್ನು ನೋಡಿದರು. ತೊಂಬತ್ತೊಂಬತ್ತು ಮನೆಗಳ ಜಿಡ್ಡು ಕುಡಿದ ಮೇಲೂ ಘಾಜಿಯಾಬಾದಿನ ಒಂದು ಅಡುಗೆಮನೆಯ ಅರ್ಧ ಚಮಚವನ್ನು ಮುದುಕಿ ಹೆಕ್ಕಿ ತೋರಿಸಿದ್ದಳು. ಆಮೇಲೆ ಆ ದೊಡ್ಡ ಮೀಸೆಯ ಕೆಳಗಿನಿಂದ ಒಂದು ನಗು ಹೊರಟಿತು, ಸದಸ್ಯರಿಬ್ಬರಿಗೆ ಅಂಟಿತು, ಫೋನಿನೊಳಗಿನ ಗಿರಿಜಮ್ಮನಿಗೂ ಹತ್ತಿತು. ಒಬ್ಬ ಸದಸ್ಯರು ನಕ್ಕು ನಕ್ಕು ಉಳಿದಿದ್ದ ಸಮೋಸಾದ ತಟ್ಟೆಯ ಮೇಲೆ ಕೂತುಬಿಟ್ಟರು.

ಅನಂತಮೂರ್ತಿಯವರು ಪೆನ್ನು ತೆಗೆದು, ತಮ್ಮ ಪ್ರಮಾಣಪತ್ರದ ಮೇಲೆ ಅಡ್ಡಗೆರೆ ಎಳೆದು, 'ಸದರಿ ತುಪ್ಪವು ತುಪ್ಪವಲ್ಲವೆಂದು ತಿಳಿದುಬಂದಿರುವುದರಿಂದ ಹಿಂಪಡೆಯಲಾಗಿದೆ' ಎಂದು ಬರೆದು ಸಹಿ ಹಾಕಿದರು. ತ್ಯಾಗಿ ಸಾಹೇಬರು ಅದರ ಕೆಳಗೆ, ಕಂಡೆಮ್ ಪ್ರಸ್ತಾವ ರದ್ದು, ಯಂತ್ರವನ್ನು ಜಿಡ್ಡು ಪದಾರ್ಥಗಳಿಗೆ ಮೀಸಲಿಡತಕ್ಕದ್ದು, ಅಹಲ್ಯಾ ಅವರೇ ಮುಂದುವರಿಯತಕ್ಕದ್ದು ಎಂದು ಬರೆದು ಮುದ್ರೆ ಒತ್ತಿಸಿದರು. ಗುಜರಿಯವನಿಗೆ ಲಾರಿ ಬೇಡವೆಂದು ಅಲ್ಲಿಂದಲೇ ಫೋನ್ ಹೋಯಿತು.

ಸಮಿತಿ ಹೋದ ಮೇಲೆ ಅಹಲ್ಯಾ ಬಿಲ್ಲೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು, ತೂತುಗಳನ್ನು ಒಂದೊಂದಾಗಿ ನೋಡುತ್ತಿದ್ದರು. ತುಟಿಯ ಮೇಲೆ ಒಂದು ಹಾಡು ಬಂದು ಕೂತಿತ್ತು. ಅನಂತಮೂರ್ತಿಯವರು ಅಲ್ಲೇ ಸ್ಟೂಲಿನ ಮೇಲೆ ಕುಗ್ಗಿ ಕೂತಿದ್ದರು. ಹಾಗೆಂದು ದೊಡ್ಡ ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಒಂದೇ ಮಧ್ಯಾಹ್ನದಲ್ಲಿ ಹೋಗುವಂಥದ್ದಲ್ಲ. ಅವರು ಗಂಟಲು ಸರಿಮಾಡಿಕೊಂಡು, ಕೋಟಿನ ಗುಂಡಿ ಹಾಕಿಕೊಂಡರು.

"ಅಹಲ್ಯಾ ಅವರೇ, ಒಂದು ತಾತ್ವಿಕ ಪ್ರಶ್ನೆ. ನಿಮ್ಮ ಈ ದ್ರವ್ಯರಾಶಿ ರೋಹಿತಮಾಪಕ ಇಲ್ದೇ ಇದ್ದಿದ್ರೆ, ಆರು ವರ್ಷದಿಂದ ನಾನು ತಿಂತಾ ಇರೋದು ತುಪ್ಪ ಅಲ್ಲ ಅನ್ನೋದನ್ನ ಕಂಡುಹಿಡಿಯೋಕೆ ಮನುಷ್ಯನ ಹತ್ರ ಬೇರೆ ಯಾವುದಾದ್ರೂ ಸಾಧನ ಇತ್ತಾ?"

ಅಹಲ್ಯಾ ಬಿಲ್ಲೆಯಿಂದ ಕಣ್ಣು ತೆಗೆಯಲಿಲ್ಲ.

"ಇತ್ತು ಸಾರ್. ನಾಲಿಗೆ."